ಸ್ಕೋರೆಷ್ಟು ಎಂಬ ಪ್ರಶ್ನೆ

ಮಲೆನಾಡಿನ ಬಸ್ಸಿನಲ್ಲಿ ಪರಿಚಯವಿಲ್ಲದವನೊಬ್ಬನು ನಮ್ಮ ಪಕ್ಕದಲ್ಲಿ ಬಂದು ಕುಳಿತನೆಂದರೆ, ಮೂಡಿಗೆರೆಯಿಂದ ಹೊರಟ ಬಸ್ಸು ಕೊಟ್ಟಿಗೆಹಾರವನ್ನು ಮುಟ್ಟುವಷ್ಟರಲ್ಲಿ ಅವನು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ನಿಶ್ಚಿತವಾದುವು: ಯಾವ ಊರು, ಯಾರ ಪೈಕಿ, ತೋಟ ಎಷ್ಟೆಕರೆ. ಮೊದಲನೆಯದು ನೆಲೆಯನ್ನೂ ಎರಡನೆಯದು ಜಾತಿಯನ್ನೂ ಮೂರನೆಯದು ಸ್ಥಿತಿಗತಿಯನ್ನೂ ಅಳೆಯತಕ್ಕವು. ಈ ಮೂರಕ್ಕೂ ಉತ್ತರ ದೊರೆತ ಮೇಲೆಯೇ ಅವನು ನಮ್ಮನ್ನು ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ ಎಂಬುದು ತೀರ್ಮಾನವಾಗುವುದು. ಇಂಥ ಸೀಮೆಯಲ್ಲಿ, ಹುಟ್ಟನ್ನಾಗಲಿ ಆಸ್ತಿಯನ್ನಾಗಲಿ ಕೆದಕದೆ, ಯಾರು ಯಾರನ್ನು ಬೇಕಾದರೂ ಕೇಳಬಹುದಾದ ಪ್ರಶ್ನೆಗಳು ನಾನು ಬಲ್ಲಮಟ್ಟಿಗೆ ಎರಡೇ ಉಂಟು. ಒಂದು, ‘ನಿಮ್ಮ ಕಡೆ ಮಳೆ ಎಷ್ಟಾಯ್ತು?’ ಇನ್ನೊಂದು, ‘ಸ್ಕೋರ್ ಎಷ್ಟಾಯ್ತು?’

ಮಳೆಯ ಪ್ರಶ್ನೆಯನ್ನು ಕಾಫಿಸೀಮೆಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಇಂಚಿನಷ್ಟು ಹೂಮಳೆ ಬಿದ್ದು, ಅದಾದ ಎರಡು ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆಯೂ ಬಂದರೆ ಹೂವು ಚೆನ್ನಾಗಿ ಕಾಯಿ ಕಚ್ಚುವುದು. ಇಲ್ಲದಿದ್ದರೆ ವರ್ಷದ ಲೆಕ್ಕಾಚಾರವೇ ತಲೆಕೆಳಗು. ಅಂಗಳದ ಮಳೆಮಾಪಕವನ್ನು ಬೆಳಗ್ಗೆ ಎತ್ತಿ ನೋಡಿ, ‘ನಮ್ಮಲ್ಲಿ ಎಂಬತ್ತು ಸೆಂಟು, ಆಚೆ ತೋಟದಲ್ಲಿ ಒಂದು ಇಂಚು ಹತ್ತು’ ಎಂದು ಫೋನಿನಲ್ಲಿ ಹೇಳಿಕೊಳ್ಳುವ ಬೆಳೆಗಾರನ ದನಿಯಲ್ಲಿಯೂ, ‘ನೂರಕ್ಕೆ ನಾಲ್ಕು’ ಎಂದು ನಿಟ್ಟುಸಿರಿಡುವ ಕ್ರಿಕೆಟ್ ಅಭಿಮಾನಿಯ ದನಿಯಲ್ಲಿಯೂ ಇರುವ ಆತಂಕ ಒಂದೇ ಬಗೆಯದು: ಎರಡು ಕಡೆಯೂ ಫಲ ನಮ್ಮದು, ಕರ್ತೃತ್ವ ನಮ್ಮದಲ್ಲ. ಸ್ಪ್ರಿಂಕ್ಲರ್ ಇಟ್ಟುಕೊಂಡ ಭಾಗ್ಯವಂತರ ಮಾತು ಬೇರೆ. ಉಳಿದವರಿಗೆಲ್ಲ ಆಕಾಶವನ್ನು ನೋಡುತ್ತ ಕುಳಿತುಕೊಳ್ಳುವುದೇ ಉದ್ಯೋಗ. ಐಪಿಎಲ್ ಪಂದ್ಯಗಳು ಶುರುವಾಗುವುದೂ ಇದೇ ತಿಂಗಳುಗಳಲ್ಲಿಯಾದ್ದರಿಂದ, ಇಲ್ಲಿಯ ಸಂಜೆಯೊಂದರಲ್ಲಿ ಮನುಷ್ಯನು ಒಂದು ಕಣ್ಣನ್ನು ಮೋಡದ ಮೇಲೂ ಇನ್ನೊಂದು ಕಣ್ಣನ್ನು ಟಿವಿಯ ಮೇಲೂ ಇಟ್ಟುಕೊಂಡಿರುವುದು ಅಪೂರ್ವವಲ್ಲ.

ಒಟ್ಟಿಗೆ ಕಾದವರ ನಡುವೆ ಒಂದು ಸಲುಗೆ ಬೆಳೆಯುತ್ತದೆ. ಗೆದ್ದವರ ನಡುವೆ ಬೆಳೆಯುವುದಕ್ಕಿಂತ ಅದು ಹೆಚ್ಚಿನದೆಂದು ನನ್ನ ಅಭಿಪ್ರಾಯ. ಅಮೆರಿಕದ ಷಿಕಾಗೋ ನಗರದ ‘ಕಬ್ಸ್’ ಎಂಬ ಬೇಸ್‌ಬಾಲ್ ತಂಡವು 1908ರಲ್ಲಿ ರಾಷ್ಟ್ರದ ಪಟ್ಟವನ್ನು ಗೆದ್ದ ತರುವಾಯ ಮತ್ತೊಮ್ಮೆ ಗೆಲ್ಲಲು 2016ರವರೆಗೆ, ಅಂದರೆ ನೂರ ಎಂಟು ವರ್ಷಗಳ ಕಾಲ, ಕಾಯಬೇಕಾಯಿತು. ಆಗ ಆ ಊರಿನ ಜನರು ರಿಗ್ಲಿ ಮೈದಾನದ ಇಟ್ಟಿಗೆಗೋಡೆಗಳ ಬಳಿ ಬಂದು, ಈ ದಿನವನ್ನು ನೋಡದೆಯೇ ತೀರಿಹೋದ ತಮ್ಮ ತಂದೆಯ, ಅಜ್ಜನ, ಅಕ್ಕನ ಹೆಸರುಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದರು. ನೋಡನೋಡುತ್ತಿರುವಂತೆ ಗೋಡೆ ತುಂಬಿಹೋಯಿತು. ಮಹಾಲಯ ಅಮಾವಾಸ್ಯೆಯಲ್ಲಿ ಎಡೆಯಿಡುವ ನಮ್ಮ ಜನಕ್ಕೆ ಈ ಕಾರ್ಯದ ಅರ್ಥವನ್ನು ಯಾರೂ ವಿವರಿಸಬೇಕಾದುದಿಲ್ಲ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಅಭಿಮಾನಿಗಳು 2008ರಿಂದ 2025ರವರೆಗೆ ಹದಿನೆಂಟು ಋತುಗಳನ್ನು, 2009, 2011, 2016ರ ಮೂರು ಅಂತಿಮ ಪಂದ್ಯಗಳ ಸೋಲನ್ನು, ‘ಈ ಸಲ ಕಪ್ ನಮ್ದೇ’ ಎಂಬ ಮಂತ್ರದಿಂದ ದಾಟಿದರು. ಮೊದಮೊದಲು ಅದು ಸಂಕಲ್ಪವಾಗಿದ್ದಿತು. ಆಮೇಲೆ ಪರರ ಬಾಯಲ್ಲಿ ಪರಿಹಾಸವಾಯಿತು. ಕೊನೆಗೆ ಅಭಿಮಾನಿಗಳೇ ತಮ್ಮನ್ನು ತಾವು ನಕ್ಕುಕೊಳ್ಳುವ ವಿನೋದವಾಯಿತು. ಸ್ವಂತ ಸೋಲನ್ನು ಕುರಿತು ಒಟ್ಟಿಗೆ ನಗಬಲ್ಲ ಜನರು ಅಷ್ಟರ ಮಟ್ಟಿಗೆ ಬಂಧುಗಳಾಗಿಬಿಟ್ಟಿರುತ್ತಾರೆ.

ಆ ಮಂತ್ರದಲ್ಲಿರುವ ‘ನಮ್ದೇ’ ಎಂಬ ಪದವನ್ನು ವಿದ್ವಾಂಸರೂ ಬಿಟ್ಟಿಲ್ಲ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು ಗೆದ್ದ ಮರು ಸೋಮವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರುಳ್ಳ ಅಂಗಿಗಳನ್ನು ಹೆಚ್ಚಾಗಿ ತೊಡುವರೆಂದೂ, ಗೆದ್ದಾಗ ‘ನಾವು ಗೆದ್ದೆವು’ ಎನ್ನುವವರೇ ಸೋತಾಗ ‘ಅವರು ಸೋತರು’ ಎನ್ನುವ ಒಲವುಳ್ಳವರೆಂದೂ ತೋರಿಸಿದರು. ಇದು ಸೂಕ್ಷ್ಮವಾದ ಅವಲೋಕನ. ಆದರೆ ಹದಿನೇಳು ಋತು ಸೋತರೂ ‘ನಮ್ದೇ’ ಎಂಬುದನ್ನು ಬಿಡದ ಕನ್ನಡಿಗನ ವಿಷಯದಲ್ಲಿ ಈ ಸಿದ್ಧಾಂತವು ಅರ್ಧದಾರಿಯಲ್ಲಿಯೇ ನಿಂತುಬಿಡುತ್ತದೆ. ಇದಕ್ಕೆ ಮೊದಲೇ, 1912ರಲ್ಲಿ, ಫ್ರಾನ್ಸಿನ ಎಮಿಲ್ ದರ್ಖೈಮನು ಆದಿವಾಸಿಗಳ ಧರ್ಮಾಚರಣೆಯನ್ನು ವಿಚಾರ ಮಾಡುತ್ತ, ಜನರು ಒಂದೆಡೆ ನೆರೆದು ಒಂದೇ ವಸ್ತುವಿನಲ್ಲಿ ಚಿತ್ತವನ್ನಿಟ್ಟಾಗ ಪ್ರತಿಯೊಬ್ಬನ ಉತ್ಸಾಹವೂ ಮತ್ತೊಬ್ಬನದರಿಂದ ಹೊತ್ತಿಕೊಂಡು, ಒಬ್ಬೊಬ್ಬನಲ್ಲಿಯೂ ಇಲ್ಲದ ಒಂದು ಶಕ್ತಿ ಎಲ್ಲರ ನಡುವೆ ಉದ್ಭವಿಸುವುದೆಂದು ಹೇಳಿದನು. ಕಳಸದ ಕಳಸೇಶ್ವರನ ರಥವನ್ನು ಎಳೆಯುವಾಗ ಹಗ್ಗಕ್ಕೆ ಕೈಹಾಕಿದವನಿಗೆ ಇದು ಪುಸ್ತಕದ ಮಾತಲ್ಲ. ಆದರೆ ಆ ಶಕ್ತಿಗೆ ಕಣ್ಣಿಲ್ಲ. ಕ್ರಿ.ಶ. 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ರಥಸ್ಪರ್ಧೆಯ ನೀಲಿ ಹಸಿರು ಪಕ್ಷಗಳವರು ಒಂದಾಗಿ ಎಬ್ಬಿಸಿದ ದಂಗೆಯಲ್ಲಿ ನಗರದ ದೊಡ್ಡ ಭಾಗವೇ ಉರಿದುಹೋಯಿತು. ಬೆಂಗಳೂರು ತಂಡವು 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಕೊನೆಗೂ ಕಪ್ಪನ್ನು ಪಡೆದ ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣವನ್ನು ಕಳೆದುಕೊಂಡರು. ಕ್ರೀಡಾಭಿಮಾನವು ಜನರನ್ನು ಕೂಡಿಸುತ್ತದೆ ಎಂದು ಬರೆಯುವವನು ಈ ಹನ್ನೊಂದು ಮಂದಿಯನ್ನು ಮರೆತು ಬರೆಯಕೂಡದು.

ಆದರೂ ಈ ಪಂಡಿತರೆಲ್ಲ ವಿಚಾರಿಸಿದುದು ಜನ ಕಿಕ್ಕಿರಿದ ಸ್ಥಳವನ್ನು. ನಮ್ಮ ಬೆಟ್ಟಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಊರೆಂದರೆ ಬೀದಿಯಲ್ಲ. ಕಾಡಿನ ಮಧ್ಯೆ ತೋಟ, ತೋಟದ ಮಧ್ಯೆ ಒಂಟಿಮನೆ, ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಇನ್ನೊಂದು ಒಂಟಿಮನೆ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಮನಾದ ನೆಲವೇ ಇಲ್ಲ. ಗದ್ದೆಬಯಲೊಂದನ್ನು ಬಿಟ್ಟರೆ, ಚೆಂಡು ತಾನಾಗಿ ಉರುಳಿಹೋಗದೆ ನಿಲ್ಲುವ ಸ್ಥಳಗಳು ಎರಡೇ: ಶಾಲೆಯ ಅಂಗಳ ಮತ್ತು ಕಾಫಿ ಒಣಗಿಸುವ ಕಣ. ಕನ್ನಡದಲ್ಲಿ ‘ಕಣ’ ಎಂಬ ಪದವು ಒಕ್ಕಣೆಯ ನೆಲಕ್ಕೂ ಯುದ್ಧಭೂಮಿಗೂ ಇಂದಿನ ಚುನಾವಣೆಗೂ ಸಲ್ಲುವುದನ್ನು ಕಂಡಾಗ, ಈ ಭಾಷೆಯನ್ನಾಡುವ ಜನರಿಗೆ ಸಮನಾದ ನೆಲವನ್ನು ಕಂಡೊಡನೆ ಸ್ಪರ್ಧೆಯ ನೆನಪಾಗುವುದು ಸಹಜವೆನಿಸುತ್ತದೆ. ಹಣ್ಣಿನ ಕೊಯ್ಲು ಮುಗಿದು ಕಣ ಖಾಲಿಯಾದ ದಿನವೇ ಅಲ್ಲಿ ಸಿಲ್ವರ್ ಮರದ ಹಲಗೆಯ ಬ್ಯಾಟು, ಮೂರು ಕಾಫಿಕೋಲಿನ ವಿಕೆಟ್ಟು ಹಾಜರು. ನಿಯಮಗಳೂ ನೆಲಕ್ಕೆ ತಕ್ಕವೇ: ಕಣದ ಅಂಚು ದಾಟಿದರೆ ನಾಲ್ಕು, ಸಾಹುಕಾರರ ಮನೆಯ ಹೆಂಚಿಗೆ ತಗುಲಿದರೆ ಔಟು, ಇಳಿಜಾರಿನ ತೋಟಕ್ಕೆ ಬಿದ್ದರೆ ಹೊಡೆದವನೇ ಹುಡುಕತಕ್ಕದ್ದು. ಮಳೆ ಹಿಡಿದ ಮೇಲೆ ಹಾಗೆ ಹುಡುಕಹೋದವನು ಎಷ್ಟೋ ಸಾರಿ ಚೆಂಡನ್ನು ತರದೆ ಕಾಲಿಗೆ ಇಂಬಳವನ್ನು ಹತ್ತಿಸಿಕೊಂಡು ಬರುವನು. ಆ ಕಣದಲ್ಲಿ ಸಾಹುಕಾರರ ಮಗ, ತೋಟದ ಲೆಕ್ಕ ಬರೆಯುವ ರೈಟರ ಮಗ, ಆಳುಗಳ ಲೈನುಮನೆಯ ಹುಡುಗರು ಎಲ್ಲರೂ ಇರುವರು. ಹನ್ನೊಂದು ಮಂದಿಯನ್ನು ಕೂಡಿಸಬೇಕಾದರೆ ಒಂಟಿಮನೆಯ ಸೀಮೆಯಲ್ಲಿ ಆರಿಸಿಕೊಳ್ಳುವ ಸೌಕರ್ಯ ಯಾರಿಗೂ ಇಲ್ಲ. ನಮ್ಮ ಸಮತ್ವವು ಅನೇಕ ಸಾರಿ ಆದರ್ಶದಿಂದಲ್ಲ, ಆಳಿನ ಅಭಾವದಿಂದ ಹುಟ್ಟಿದುದು.

ಆಡುವ ಮಾತನ್ನು ಬಿಟ್ಟು ಆಟವನ್ನು ಕೇಳುವ ಮಾತಿಗೆ ಬರುತ್ತೇನೆ. 1983ರ ಜೂನ್ 25, ಶನಿವಾರ, ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯದ ದಿನ. ಆರಿದ್ರಾ ಮಳೆ. ಕಳಸದ ರಸ್ತೆಯಲ್ಲಿ ಮರ ಬಿದ್ದು ಕರೆಂಟು ಹೋಗಿ ಮೂರು ದಿನಗಳಾಗಿದ್ದುವು. ಟಿವಿ ಎಂಬುದನ್ನು ನಮ್ಮ ತೋಟದ ಯಾರೂ ಇನ್ನೂ ಕಂಡಿರಲಿಲ್ಲ. ಇದ್ದುದು ನಮ್ಮ ತಂದೆಯವರ ಒಂದು ಟ್ರಾನ್ಸಿಸ್ಟರು. ಅದರ ಸೆಲ್ಲುಗಳು ಬತ್ತುತ್ತ ಬಂದಿದ್ದುದರಿಂದ, ಬಿಸಿಲಿಗೆ ಇಡೋಣವೆಂದರೆ ಬಿಸಿಲೇ ಇಲ್ಲದೆ, ಮಧ್ಯಾಹ್ನದಿಂದ ಬಚ್ಚಲ ಹಂಡೆಯ ಒಲೆಯ ಬಳಿ ಅವುಗಳನ್ನು ಸಾಲಾಗಿ ಕಾಯಿಸಲು ಇಟ್ಟಿದ್ದಿತು. ಸಂಜೆಯಾಗುತ್ತ ರೈಟರು ಬಂದರು. ಅವರ ಹಿಂದೆ ಕಂಬಳಿ ಹೊದ್ದ ತಮಿಳು ಮೇಸ್ತ್ರಿ, ಘಟ್ಟದ ಕೆಳಗಿನಿಂದ ಬಂದ ತುಳು ಆಳುಗಳು ಐದಾರು ಮಂದಿ, ಅವರ ಹುಡುಗರು. ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿ. ಗರಗರ ಶಬ್ದದ ನಡುವೆ ಒಂದೊಂದು ವಾಕ್ಯ ಹಿಡಿದು ರೈಟರು ಕನ್ನಡಕ್ಕೆ ಇಳಿಸುವರು, ಮೇಸ್ತ್ರಿ ಅದನ್ನು ತನ್ನ ಪಕ್ಕದವನಿಗೆ ತಮಿಳಿನಲ್ಲಿ ಹೇಳುವನು, ಅಷ್ಟರಲ್ಲಿ ಮುಂದಿನ ಚೆಂಡು ಬಂದುಹೋಗಿರುವುದು. ಭಾರತ ನೂರ ಎಂಬತ್ತಮೂರಕ್ಕೆ ಮುಗಿಯಿತೆಂದಾಗ ಇಬ್ಬರು ಎದ್ದುಹೋದರು. ರಿಚರ್ಡ್ಸ್ ಹೊಡೆದ ಚೆಂಡನ್ನು ಕಪಿಲ್ ದೇವ್ ಬೆನ್ನಟ್ಟಿ ಓಡಿ ಹಿಡಿದ ಸುದ್ದಿಯನ್ನು ರೈಟರು ಅನುವಾದಿಸಲೇ ಇಲ್ಲ. ಎದ್ದು ನಿಂತರು, ಅಷ್ಟೇ. ಎಲ್ಲರಿಗೂ ಅರ್ಥವಾಯಿತು. ಬಿನ್ನಿಯ ಹೆಸರೂ ಕಿರ್ಮಾನಿಯ ಹೆಸರೂ ಬಂದಾಗಲೆಲ್ಲ ‘ನಮ್ಮವರು’ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಆ ಇಬ್ಬರ ಮತಧರ್ಮ ಯಾವುದೆಂದು ಆ ರಾತ್ರಿ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ವೆಸ್ಟ್ ಇಂಡೀಸ್ ನೂರ ನಲವತ್ತಕ್ಕೆ ಕುಸಿದಾಗ ನಡುರಾತ್ರಿಯಾಗಿದ್ದಿತು. ನಮ್ಮ ತಾಯಿ ಬೆಲ್ಲದ ಕಾಫಿ ಕಾಯಿಸಿ ತಂದರು. ನಮ್ಮ ಮನೆಯಲ್ಲಿ ಆಳುಗಳ ಲೋಟಗಳನ್ನು ಹೊರಗೆ, ಸೂರಿನ ಹೆಂಚಿನ ಸಂದಿಯಲ್ಲಿ, ಬೇರೆಯಾಗಿ ಸಿಕ್ಕಿಸಿಡುವ ಪದ್ಧತಿ ಇದ್ದಿತು. ಆ ಕತ್ತಲಲ್ಲಿ ಯಾವ ಲೋಟ ಯಾರ ಕೈಗೆ ಹೋಯಿತೋ ಯಾರೂ ನೋಡಲಿಲ್ಲ.

ಮರುದಿನ ಬೆಳಗ್ಗೆ ಹೊರಗಿನ ಲೋಟಗಳು ಮತ್ತೆ ಹೆಂಚಿನ ಸಂದಿಗೆ ಹೋದುವು.

ಕ್ರೀಡೆಯು ಕೂಡಿಸುವ ಬಗೆಯನ್ನೂ ಅದರ ಗಡಿಯನ್ನೂ ಕುರಿತು ನಾನು ಓದಿದ ಯಾವ ಗ್ರಂಥವೂ ಆ ರಾತ್ರಿ ಮತ್ತು ಆ ಬೆಳಗ್ಗೆಗಿಂತ ಹೆಚ್ಚನ್ನು ನನಗೆ ಕಲಿಸಿಲ್ಲ. ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಸಾಕ್ಷಿಗಳುಂಟು. ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ್ ಬಾಳೂ ಎಂಬ ದಲಿತ ಬೌಲರನು ಪುಣೆಯ ಹಿಂದೂಗಳ ತಂಡದಲ್ಲಿ ಆಡುತ್ತಿದ್ದಾಗ, ಅವನ ಕೈಯಿಂದ ಬಂದ ಚೆಂಡನ್ನು ಮುಟ್ಟಲು ಸಂಗಡಿಗರಿಗೆ ಅಡ್ಡಿಯಿರಲಿಲ್ಲ. ವಿರಾಮದ ವೇಳೆ ಅವನಿಗೆ ಚಹವನ್ನು ಮಾತ್ರ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವನು ನೂರಕ್ಕೂ ಹೆಚ್ಚು ವಿಕೆಟುಗಳನ್ನು ಪಡೆದನು. ಆದರೂ ಹಿಂದೂಗಳ ತಂಡದ ನಾಯಕತ್ವ ಅವನಿಗೆ ದೊರೆಯಲಿಲ್ಲ, 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ ದೊರೆಯಿತು. ಸಮುದ್ರದಾಚೆ, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ನಿನ ಬೇಸ್‌ಬಾಲ್ ತಂಡದಲ್ಲಿ ಜ್ಯಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರನು ಕಣಕ್ಕಿಳಿದಾಗ ಬಿಳಿಯರೂ ಕರಿಯರೂ ಒಂದೇ ಹೆಸರನ್ನು ಕೂಗಿದರು. ಅದೇ ವರ್ಷ ಅವನಿದ್ದನೆಂಬ ಕಾರಣಕ್ಕೆ ಫಿಲಡೆಲ್ಫಿಯಾದ ಹೋಟೆಲೊಂದು ಆ ತಂಡಕ್ಕೇ ಕೋಣೆಗಳನ್ನು ನಿರಾಕರಿಸಿತು. ಮೈದಾನದ ಬಾಗಿಲು ಮೊದಲು ತೆರೆಯುವುದು, ಊಟದ ಮನೆಯ ಬಾಗಿಲು ಕಡೆಗೆ. ನಡುವೆ ಎಷ್ಟು ವರ್ಷ ಎಂಬುದು ಆಟದ ಕೈಯಲ್ಲಿಲ್ಲ.

ಆದರೆ ಆಟದ ಕೈಯಲ್ಲಿರುವ ಒಂದು ಕಾರ್ಯವುಂಟು: ಹೆಸರಿಗೆ ಉಸಿರು ಕೊಡುವುದು. ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರನ್ನು ಪಡೆದದ್ದು 1973ರ ನವೆಂಬರ್ 1ರಂದು. ಆ ಹೆಸರಿನಿಂದ ಆಡಿದ ಮೊದಲ ಋತುವಿನಲ್ಲಿಯೇ, ಪ್ರಸನ್ನರ ನಾಯಕತ್ವದ ಕ್ರಿಕೆಟ್ ತಂಡವು ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಹಿಂದಿಕ್ಕಿ, ಆಮೇಲೆ ಜಯಪುರದಲ್ಲಿ ರಾಜಸ್ಥಾನವನ್ನು ಗೆದ್ದು, ರಣಜಿ ಟ್ರೋಫಿಯನ್ನು ತಂದಿತು. ಸರ್ಕಾರದ ಗೆಜೆಟ್ಟಿನಲ್ಲಿದ್ದ ‘ಕರ್ನಾಟಕ’ವು ಕೆಲವೇ ತಿಂಗಳಲ್ಲಿ ರೇಡಿಯೋ ಕೇಳುವ ಹುಡುಗರ ಬಾಯಿಗೆ ಬಂದದ್ದು ಹೀಗೆ. ಆ ಉಪಾಂತ್ಯದಲ್ಲಿ ಶತಕ ಬಾರಿಸಿದ ಜಿ. ಆರ್. ವಿಶ್ವನಾಥ್ ಭದ್ರಾವತಿಯಲ್ಲಿ ಹುಟ್ಟಿದವರು. ಕುದುರೆಮುಖದ ಬಳಿಯ ಗಂಗಾಮೂಲದಲ್ಲಿ ಹುಟ್ಟಿ, ಕಳಸ ಬಾಳೆಹೊನ್ನೂರುಗಳನ್ನು ಬಳಸಿಕೊಂಡು ಭದ್ರಾವತಿಗೆ ಹೋಗುವ ಹೊಳೆ ನಮ್ಮದೇ ಆದುದರಿಂದ, ‘ವಿಶಿ ಕುಡಿದದ್ದು ನಮ್ಮ ನೀರು’ ಎಂದು ವಾದಿಸುವವರನ್ನು ಕಳಸದ ಕಾಫಿ ಹೋಟೆಲಿನಲ್ಲಿ ನಾನು ಕೇಳಿದ್ದೇನೆ. ಭೂಗೋಳದಲ್ಲಿ ತಪ್ಪಿಲ್ಲ, ತರ್ಕವು ಅಭಿಮಾನಿಯದು. 1980ರ ಮುಂಬಯಿ ಟೆಸ್ಟಿನಲ್ಲಿ ಅಂಪೈರು ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರನನ್ನು ನಾಯಕರಾಗಿದ್ದ ಅದೇ ವಿಶ್ವನಾಥರು ಮರಳಿ ಕರೆದು ಆಡಿಸಿದರು. ಭಾರತ ಆ ಪಂದ್ಯವನ್ನು ಸೋತಿತು. ಆ ಸೋಲನ್ನು ಗೆಲುವಿಗಿಂತ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುವ ಹಿರಿಯರು ಇಲ್ಲಿ ಇನ್ನೂ ಇದ್ದಾರೆ.

ಈ ‘ನಮ್ಮವರು’ ಎಂಬ ಪಟ್ಟಿಯಲ್ಲಿ ಹೆಂಗಸರ ಹೆಸರು ಸೇರಲು ಬಹಳ ಕಾಲ ಹಿಡಿಯಿತು. ಸೇರಿದುದು ನಮ್ಮ ಜಿಲ್ಲೆಯಿಂದಲೇ. 2017ರ ಜುಲೈ 15ರಂದು ಡರ್ಬಿಯಲ್ಲಿ, ವಿಶ್ವಕಪ್ಪಿನಲ್ಲಿ ಉಳಿಯಲು ಗೆಲ್ಲಲೇಬೇಕಾಗಿದ್ದ ಪಂದ್ಯದಲ್ಲಿ, ಕಡೂರಿನ ವೇದಾ ಕೃಷ್ಣಮೂರ್ತಿ ನಲವತ್ತೈದು ಚೆಂಡುಗಳಲ್ಲಿ ಎಪ್ಪತ್ತು ರನ್ ಹೊಡೆದರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಹದಿನೈದು ರನ್ನಿಗೆ ಐದು ವಿಕೆಟ್ ಕಿತ್ತು ನ್ಯೂಜಿಲೆಂಡನ್ನು ಮುಗಿಸಿದರು. ಎಂಟು ದಿನಗಳ ತರುವಾಯ ಲಾರ್ಡ್ಸ್‌ನಲ್ಲಿ ಭಾರತ ಒಂಬತ್ತು ರನ್ನುಗಳಿಂದ ಸೋತಿತು. ಕಡೂರು ಬಯಲುಸೀಮೆ, ಬೆಟ್ಟದ ಮೇಲಿನವರು ಆ ಕಡೆಯವರನ್ನು ಸಾಮಾನ್ಯವಾಗಿ ‘ನಮ್ಮವರು’ ಎನ್ನುವುದಿಲ್ಲ. 1947ರವರೆಗೆ ಜಿಲ್ಲೆಗೇ ಕಡೂರು ಎಂಬ ಹೆಸರಿದ್ದಿತು, ಚಿಕ್ಕಮಗಳೂರಿನ ಪ್ಲಾಂಟರುಗಳ ಹಳೆಯ ಕ್ಲಬ್ಬಿಗೆ ಇಂದಿಗೂ ‘ಕಡೂರು ಕ್ಲಬ್’ ಎಂದೇ ಹೆಸರು, ಎಂಬುದನ್ನು ಆ ವಾರ ಎಲ್ಲರೂ ಒಮ್ಮೆಲೇ ಜ್ಞಾಪಿಸಿಕೊಂಡರು.

ಇನ್ನು, ಕೂಡಿಸುವುದರಲ್ಲಿಯೂ ಎರಡು ಬಗೆಯುಂಟು. ಅಮೆರಿಕದ ರಾಬರ್ಟ್ ಪಟ್ನಮ್ 2000ದಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಒಂದೇ ಬಗೆಯವರನ್ನು ಬಿಗಿಯಾಗಿ ಕಟ್ಟುವ ಸಂಘಗಳನ್ನೂ ಬೇರೆ ಬೇರೆ ಬಗೆಯವರ ನಡುವೆ ಸೇತುವೆಯಾಗುವ ಸಂಘಗಳನ್ನೂ ಬೇರ್ಪಡಿಸಿ ತೋರಿಸಿದನು. ಮತ್ತೊಂದು ಕಾಫಿನಾಡಾದ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅರವತ್ತು ತಂಡಗಳೊಡನೆ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವು ಮೊದಲನೆಯ ಬಗೆಗೆ ಅತ್ಯುತ್ತಮ ನಿದರ್ಶನ. 2024ರಲ್ಲಿ ನಾಪೋಕ್ಲಿನಲ್ಲಿ ಮುನ್ನೂರ ಅರವತ್ತು ಕುಟುಂಬಗಳ ತಂಡಗಳು ಆಡಿದುವು. ಮನೆಹೆಸರೇ ತಂಡದ ಹೆಸರು; ಪರದೇಶದಲ್ಲಿರುವ ಅಳಿಯನೂ ರಜಾ ಹಾಕಿ ಬರುವನು; ಅಜ್ಜನ ಸಂಗಡ ಮೊಮ್ಮಗಳು ಆಡುವಳು. ಚಿಕ್ಕ ಸಮಾಜವೊಂದು ಚೆದುರಿಹೋಗದಂತೆ ತನ್ನನ್ನು ತಾನು ಎಣಿಸಿಕೊಳ್ಳುವ ಈ ಕ್ರಮವನ್ನು ನಾನು ಗೌರವಿಸುತ್ತೇನೆ. ಎರಡನೆಯ ಬಗೆಗೆ ನಿದರ್ಶನ ನಮ್ಮ ಕೆಸರುಗದ್ದೆ ಕ್ರೀಡಾಕೂಟ. ನಾಟಿಯ ಹಂಗಾಮಿನಲ್ಲಿ ಗದ್ದೆಗೆ ನೀರು ಕಟ್ಟಿ ಓಟ, ಹಗ್ಗಜಗ್ಗಾಟ, ವಾಲಿಬಾಲು ನಡೆಯುವಾಗ, ಹತ್ತು ನಿಮಿಷದಲ್ಲಿ ಎಲ್ಲರೂ ಒಂದೇ ಬಣ್ಣವಾಗಿ ಯಾರು ಯಾರೆಂದು ಹೆತ್ತ ತಾಯಿಗೂ ಗುರುತು ಹತ್ತದು. ದಂಡೆಯ ಮೇಲೆ ನಿಂತವರು ಹೆಸರು ತಿಳಿಯದೆ ‘ಎಳಿಯೋ, ಎಳಿಯೋ’ ಎಂದು ಎಲ್ಲರಿಗೂ ಕೂಗುವರು.

ಈಚೆಗೆ ಮಾತ್ರ ನಮ್ಮ ಕಡೆ ಮೂರನೆಯದೊಂದು ಕಾಣಿಸಿಕೊಂಡಿದೆ. ಕೊಯ್ಲು ಮುಗಿದ ಮೇಲೆ ಹೊನಲು ಬೆಳಕಿನಲ್ಲಿ ನಡೆಯುವ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಕರಪತ್ರಗಳಲ್ಲಿ ‘ಇಂಥ ಸಮುದಾಯದವರಿಗೆ ಮಾತ್ರ’ ಎಂಬ ಸಾಲು ವರ್ಷವರ್ಷಕ್ಕೂ ಹೆಚ್ಚಾಗುತ್ತಿದೆ. ಕೊಡವರ ಉತ್ಸವವನ್ನು ಇದಕ್ಕೆ ಪ್ರಮಾಣವಾಗಿ ತೋರಿಸುವವರುಂಟು. ಆದರೆ ಕುಟುಂಬದ ಹೆಸರಿನಿಂದ ತಂಡ ಕಟ್ಟುವುದು ಬೇರೆ, ಮೊನ್ನೆಯವರೆಗೆ ಒಂದೇ ಕಣದಲ್ಲಿ ಆಡುತ್ತಿದ್ದವರನ್ನು ಜಾತಿವಾರು ವಿಂಗಡಿಸಿ ಬೇರೆ ಬೇರೆ ಕಣಕ್ಕೆ ಕಳುಹಿಸುವುದು ಬೇರೆ. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್, ಇತರರು ಎಂದು ಮುಂಬಯಿಯಲ್ಲಿ ನಡೆಯುತ್ತಿದ್ದ ಪಂಚಕೋನ ಪಂದ್ಯಾವಳಿಯನ್ನು 1940ರಲ್ಲಿ ಗಾಂಧೀಜಿ ಖಂಡಿಸಿದರು. 1946ರಲ್ಲಿ ಅದು ನಿಂತುಹೋಯಿತು. ದೇಶವು ಎಂಬತ್ತು ವರ್ಷಗಳ ಹಿಂದೆ ಮುಚ್ಚಿದ ಅಂಗಡಿಯನ್ನು ನಾವು ಹೋಬಳಿ ಮಟ್ಟದಲ್ಲಿ ತೆರೆಯುತ್ತಿದ್ದೇವೆ. ಇನ್ನು ಕೆಲವು ಕರಪತ್ರಗಳಲ್ಲಿ ‘ಸ್ಥಳೀಯರಿಗೆ ಮಾತ್ರ, ಆಧಾರ್ ಕಾರ್ಡ್ ಕಡ್ಡಾಯ’ ಎಂದಿರುತ್ತದೆ. ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ತರಿಸುವ ಚಾಳಿಯನ್ನು ತಡೆಯಲು ಈ ನಿಯಮ ಹುಟ್ಟಿತೆಂಬುದು ನಿಜ. ಆದರೆ ಅದರ ಪೆಟ್ಟು ಬೀಳುತ್ತಿರುವುದು ಅಸ್ಸಾಮಿನಿಂದ ಬಂದು ನಮ್ಮ ಲೈನುಮನೆಗಳಲ್ಲಿ ನೆಲೆಸಿ, ನಮ್ಮ ಹಣ್ಣನ್ನು ಕೊಯ್ದು, ಸಂಜೆ ನಮ್ಮ ಕಣದಲ್ಲಿಯೇ ಚೆಂಡನ್ನಾಡುವ ಹುಡುಗರ ಮೇಲೆ. ಕನ್ನಡ ಇನ್ನೂ ಸರಿಯಾಗಿ ಬಾರದ ಅವರಲ್ಲೊಬ್ಬನು ಕಳೆದ ಏಪ್ರಿಲಿನಲ್ಲಿ ನಮ್ಮ ಗೇಟಿನ ಬಳಿ ನನ್ನನ್ನು ತಡೆದು ಕೇಳಿದ ಮೊದಲ ಕನ್ನಡ ವಾಕ್ಯ, ‘ಸಾರ್, ಸ್ಕೋರ್ ಎಷ್ಟು?’

ಬರುವ ಬೇಸಿಗೆಯಲ್ಲಿ ಪಂದ್ಯಾವಳಿ ನಡೆಸಲಿರುವ ಯುವಕ ಸಂಘಗಳವರಲ್ಲಿ ನನ್ನದೊಂದು ವಿನಂತಿ. ಕರಪತ್ರವನ್ನು ಅಚ್ಚಿಗೆ ಕಳುಹಿಸುವ ಮುನ್ನ ಆ ‘ಮಾತ್ರ’ದ ಸಾಲನ್ನು ಹೊಡೆದುಹಾಕಿ, ‘ಈ ವರ್ಷ ನಮ್ಮ ತೋಟಗಳಲ್ಲಿ ಕೆಲಸ ಮಾಡಿದ ಯಾರು ಬೇಕಾದರೂ ಆಡಬಹುದು’ ಎಂದು ಸೇರಿಸಿರಿ. ಪ್ರವೇಶ ಶುಲ್ಕವನ್ನು ಅವರ ಪರವಾಗಿ ಕಟ್ಟಲು ನಾನು ಸಿದ್ಧನಿದ್ದೇನೆ.